ವಿಮಾನ ಹಾರಿಸಿದವರನ್ನು ಬಳೇಪೇಟೆ ಊಟಕ್ಕೆ ಕರೆಯಲಿ

ಸನ್ಮಾನ ಮಾಡುವುದನ್ನು ಬಳೇಪೇಟೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಜ್ಯೋತ್ಸವ ಬಂತೆಂದರೆ ಪೆಂಡಾಲು, ಗಣೇಶನನ್ನು ಕೂರಿಸಿದರೆ ಪೆಂಡಾಲು. ಎಲ್ಲಿಂದಲೋ ಒಬ್ಬ ನಿವೃತ್ತ ಯೋಧರನ್ನು ಕರೆತಂದು, ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು ಫೋಟೋ ತೆಗೆಸುತ್ತಾರೆ. ಆಮೇಲೆ ಮೈಕು ಯಾರ ಕೈಗೆ ಹೋಗುತ್ತದೆ? ವಾರ್ಡಿನ ಮುಖಂಡರ ಕೈಗೆ. ಅವರು ಮುಕ್ಕಾಲು ಗಂಟೆ ದೇಶಭಕ್ತಿಯ ಬಗ್ಗೆ ಮಾತಾಡುತ್ತಾರೆ. ಯುದ್ಧ ಕಂಡು ಬಂದವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳುತ್ತಾರೆ. ಅವರಿಗೂ ಎರಡು ನಿಮಿಷ ಸಿಕ್ಕರೆ ‘ಎಲ್ಲರಿಗೂ ನಮಸ್ಕಾರ, ಜೈ ಹಿಂದ್’ ಅಂದು ಮುಗಿಸಿ ಆಟೋ ಹತ್ತಿ ಮನೆಗೆ ಹೋಗುತ್ತಾರೆ.

ಈ ಸಲ ಶಾಲು ಬಿಡಿ. ಎಲೆ ಹಾಕಿ.

ಇಂಗ್ಲೆಂಡ್, ಅಮೆರಿಕದ ಸಣ್ಣಪುಟ್ಟ ಊರುಗಳಲ್ಲಿ ಹಿಂದೆ ಯುದ್ಧವಿಮಾನ ಹಾರಿಸಿದವರು ಮಧ್ಯಾಹ್ನದ ಊಟಕ್ಕೆ ಸೇರಿ, ಊರಿನವರ ಎದುರಿಗೆ ತಾವು ಕಂಡದ್ದನ್ನು ಹೇಳುವ ಪದ್ಧತಿ ಇದೆ. ಬೆಂಗಳೂರಿನಲ್ಲೂ ನಿವೃತ್ತ ಅಧಿಕಾರಿಗಳು ಸೇರುತ್ತಾರೆ, ಇಲ್ಲವೆಂದಲ್ಲ. ಆದರೆ ಅದು ದಂಡಿನ ಕಡೆಯ ಮೆಸ್ಸುಗಳಲ್ಲಿ, ಕ್ಲಬ್ಬುಗಳಲ್ಲಿ, ಹೆಚ್ಚಾಗಿ ಇಂಗ್ಲಿಷಿನಲ್ಲಿ, ಅವರವರ ನಡುವೆ. ಪೇಟೆಯ ಕಿವಿಗೆ ಒಂದು ಮಾತೂ ಬೀಳುವುದಿಲ್ಲ.

ರಸ್ತೆಗೆ ಹೆಸರಿದೆ, ಕಥೆ ಗೊತ್ತಿಲ್ಲ

ಹಾಗೆ ನೋಡಿದರೆ ಇದು ವಿಮಾನದ ಊರು. ಮೈಸೂರು ಸರ್ಕಾರದ ಜೊತೆ ಸೇರಿ ವಾಲ್‌ಚಂದ್ ಹೀರಾಚಂದ್ ಇಲ್ಲಿ ವಿಮಾನ ಕಾರ್ಖಾನೆ ತೆರೆದದ್ದು 1940ರ ಡಿಸೆಂಬರ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ವಿಮಾನಗಳ ರಿಪೇರಿ ಆಗುತ್ತಿದ್ದುದು ಇಲ್ಲೇ. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದವು. ಈಗಿನ ನೊರೆ ಕಂಡವರು ನಂಬುವುದು ಕಷ್ಟ, ಇರಲಿ.

ಸಿಟಿ ಬಸ್ಸಿನವರಿಗೆ ಸುರಂಜನ್ ದಾಸ್ ರಸ್ತೆ ಗೊತ್ತು. ಯಾರೀ ದಾಸ್ ಎಂದು ಬಸ್ಸಿನಲ್ಲಿ ಕೇಳಿದರೆ ‘ಯಾರೋ ಮಿನಿಸ್ಟರ್ ಇರಬೇಕು ಬಿಡಿ ಸಾರ್’ ಅನ್ನುತ್ತಾರೆ. ಭಾರತದಲ್ಲೇ ವಿನ್ಯಾಸ ಮಾಡಿ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ ಮಾರುತ್ ಅನ್ನು 1961ರ ಜೂನ್ 17ರಂದು ಬೆಂಗಳೂರಿನ ಆಕಾಶಕ್ಕೆ ಮೊದಲು ಏರಿಸಿದವರು ಅವರು. ಅದೇ ಜಾತಿಯ ವಿಮಾನದಲ್ಲಿ 1970ರ ಜನವರಿ 10ರಂದು ಇದೇ ಊರಿನ ನೆಲಕ್ಕೆ ಬಿದ್ದು ತೀರಿಕೊಂಡರು. ಮರುವರ್ಷ ಡಿಸೆಂಬರ್‌ನಲ್ಲಿ ರಾಜಸ್ತಾನದ ಮರಳಿನ ಮೇಲೆ ಮಾರುತ್‌ಗಳು ಯುದ್ಧ ಮಾಡಿದವು. ಒಂದು ಮಾರುತ್ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ನಿಂತಿದೆ. ಮಕ್ಕಳು ಅದರ ಮುಂದೆ ಐಸ್‌ಕ್ರೀಮ್ ತಿನ್ನುತ್ತಾರೆ. ಹಾರಿಸಿದವರೊಬ್ಬರು ಪಕ್ಕದಲ್ಲಿ ನಿಂತು ‘ಇದರ ತೋಪು ಹಾರಿಸಿದಾಗ ಹೀಗೆ ನಡುಗುತ್ತಿತ್ತಪ್ಪ’ ಎಂದು ಹೇಳಿದರೆ ಆ ಮಕ್ಕಳು ಐಸ್‌ಕ್ರೀಮ್ ಕರಗುವುದನ್ನೂ ಮರೆಯುತ್ತಿದ್ದವು.

ಹೇಳದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಕೊಡಗಿನ ಅಜ್ಜಮಾಡ ದೇವಯ್ಯನವರ ಪ್ರಕರಣ ಒಂದೇ ಸಾಕು. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಂಜಾಬಿನ ಆದಂಪುರದಿಂದ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ಮೇಲೆ ಬಾಂಬು ಹಾಕಲು ಹೊರಟವು. ಮುಂದಾಳು ವಿಂಗ್ ಕಮಾಂಡರ್ ತನೇಜಾ. ದೇವಯ್ಯ ಮೊದಲ ಪಟ್ಟಿಯವರಲ್ಲ, ಮೀಸಲು. ಯಾರಾದರೂ ತಪ್ಪಿಸಿಕೊಂಡರೆ ಹೋಗಬೇಕಾದವರು. ಹೋದರು. ವಯಸ್ಸು 32.

ವಾಪಸ್ಸು ಬರುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಬೆನ್ನು ಹತ್ತಿತು. ಅದು ಶಬ್ದದ ಎರಡರಷ್ಟು ವೇಗದಲ್ಲಿ ಹಾರುವ ಯಂತ್ರ. ಮಿಸ್ಟೇರ್ ಅದರ ಮುಂದೆ ಎತ್ತಿನಗಾಡಿ. ತಪ್ಪಿಸಿಕೊಂಡು ಓಡಿದರೆ ಊರು ಸೇರುವಷ್ಟೇ ಇಂಧನ; ನಿಂತು ಕಾದಾಡಿದರೆ ಅದೂ ಇಲ್ಲ. ಏಟು ತಿಂದ ವಿಮಾನವನ್ನೇ ತಿರುಗಿಸಿ ದೇವಯ್ಯ ಎದುರಾಳಿಯ ಮೇಲೆ ಗುಂಡು ಹಾರಿಸಿದರು. ಸ್ಟಾರ್‌ಫೈಟರ್ ಬಿತ್ತು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್ ಹಿಡಿದು ಬದುಕಿಕೊಂಡರು. ದೇವಯ್ಯ ಅಲ್ಲೇ ಉಳಿದರು.

ಈ ಕಡೆಯವರಿಗೆ ಗೊತ್ತಿದ್ದುದು ಒಂದೇ ಮಾತು: ದೇವಯ್ಯ ಬರಲಿಲ್ಲ. ಯಾಕೆ, ಹೇಗೆ, ಯಾರೂ ನೋಡಿದವರಿಲ್ಲ. ಹದಿನಾಲ್ಕು ವರ್ಷ ಕಳೆದು, 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಬರಹಗಾರ ಪಾಕಿಸ್ತಾನದ ಕಡೆಯಿಂದ ಬರೆದ ಪುಸ್ತಕದಲ್ಲಿ ಒಂದು ಮಿಸ್ಟೇರ್ ಸ್ಟಾರ್‌ಫೈಟರನ್ನು ಕೆಡವಿದ ಸಂಗತಿ ಹೊರಬಿತ್ತು. ಶತ್ರುವಿನ ಕಡೆಯ ಪುಸ್ತಕ ಓದಿ ಸ್ವಂತ ಮನೆಯ ಶೌರ್ಯ ತಿಳಿಯಬೇಕಾಯಿತು! ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ. ಪದಕ ಪಡೆಯಲು ಹೋದವರು ಪತ್ನಿ ಸುಂದರಿ ದೇವಯ್ಯ.

ಬಳೆ ಮಾರುವ ಪೇಟೆಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಸತ್ತನೆಂದರೆ ಒಂದು ಲೆಕ್ಕ. ಬದುಕಿದ್ದಾನೆಂದರೆ ಒಂದು ಲೆಕ್ಕ. ‘ಕಾಣೆಯಾಗಿದ್ದಾರೆ’ ಎಂದು ತಂತಿ ಬಂದರೆ ಕೈಬಳೆ ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂದು ಯಾವ ಆಫೀಸೂ ಹೇಳುವುದಿಲ್ಲ. 1965 ಮತ್ತು 1971ರ ಯುದ್ಧಗಳಲ್ಲಿ ಹೀಗೆ ಕಾಣೆಯಾದವರೆಂದು ಹೇಳುವ 54 ಮಂದಿಯ ಪಟ್ಟಿಯಲ್ಲಿ ವಿಮಾನದಳದವರು ಬಹಳ. ಆದ್ದರಿಂದ ಊಟಕ್ಕೆ ಪೈಲಟ್ಟುಗಳನ್ನು ಮಾತ್ರ ಕರೆದರೆ ಅರ್ಧ ಕಥೆ. ಅವರ ಹೆಂಡತಿಯರನ್ನೂ, ಹೋದವರ ಹೆಂಡತಿಯರನ್ನೂ ಕರೆಯಬೇಕು. ಕ್ವಾರ್ಟರ್ಸಿನಲ್ಲಿ ಕೂತು ವಿಮಾನ ಹೋದದ್ದೆಷ್ಟು, ಬಂದದ್ದೆಷ್ಟು ಎಂದು ಎಣಿಸಿದವರು ಅವರು.

ದೇವಯ್ಯನವರ ಹೆಸರಿನಲ್ಲಿ ಮಡಿಕೇರಿಯಲ್ಲಿ ವೃತ್ತ ಇದೆ. 2025ರ ಜನವರಿಯಲ್ಲಿ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರವೂ ಬಂತು. ಅದರಲ್ಲಿ ಪಾತ್ರದ ಹೆಸರು ದೇವಯ್ಯ ಅಲ್ಲ, ವಿಜಯ! ಸಿನಿಮಾದವರನ್ನು ನೆಚ್ಚಿಕೊಂಡರೆ ಹೀಗೇ. ಮೆಜೆಸ್ಟಿಕ್ಕಿನ ಟಾಕೀಸುಗಳನ್ನು ಕಂಡ ಜನಕ್ಕೆ ಇದು ಹೊಸದೇನೂ ಅಲ್ಲ.

‘ಬುರುಡೆ ಬಿಟ್ಟರೆ?’

ಊಟ ಹಾಕಿ ಕಥೆ ಕೇಳೋಣ ಅಂದರೆ ಗಲ್ಲದ ಮೇಲೆ ಕೂತ ಸೇಟುಗಳು ಒಂದು ಪ್ರಶ್ನೆ ಎತ್ತುವುದು ಖಂಡಿತ: ‘ಐವತ್ತು ಅರವತ್ತು ವರ್ಷದ ಹಳೇ ಮಾತು, ಬುರುಡೆ ಬಿಟ್ಟರೆ ಯಾರಿಗೆ ಗೊತ್ತಾಗುತ್ತೆ?’ ಪ್ರಶ್ನೆ ಸರಿಯಾಗಿಯೇ ಇದೆ. ದೇವಯ್ಯ ಹೋದ ದಿನವೇ, ಅದೇ ಸರ್ಗೋಧಾ ಬಳಿ, ಒಂದು ನಿಮಿಷದೊಳಗೆ ಐದು ಭಾರತೀಯ ಹಂಟರ್ ಕೆಡವಿದೆನೆಂದು ಪಾಕಿಸ್ತಾನದ ಆಲಂ ಹೇಳಿಕೊಂಡರು. ಭಾರತದ ಲೆಕ್ಕ ಅದನ್ನು ಒಪ್ಪುವುದಿಲ್ಲ. ಈ ಕಡೆ ಮಾತ್ರ ಎಲ್ಲ ಹರಿಶ್ಚಂದ್ರರೇನಲ್ಲ. 1971ರ ಡಿಸೆಂಬರ್‌ನಲ್ಲಿ ಲೋಂಗೇವಾಲಾದಲ್ಲಿ ರಾತ್ರಿಯೆಲ್ಲ ಕಾಲ್ದಳದ ಸಣ್ಣ ತುಕಡಿ ತಡೆದು ನಿಂತಿತು. ಕತ್ತಲಲ್ಲಿ ಕಾದಾಡಲಾಗದ ಹಂಟರ್‌ಗಳು ಬೆಳಕು ಹರಿದ ಮೇಲೆ ಜೈಸಲ್ಮೇರಿನಿಂದ ಬಂದು ಟ್ಯಾಂಕುಗಳನ್ನು ಸುಟ್ಟವು. 1997ರಲ್ಲಿ ‘ಬಾರ್ಡರ್’ ಚಿತ್ರ ಬಂದ ಮೇಲೆ, ಗೆಲುವು ಕಾಲ್ದಳದ್ದೋ ವಿಮಾನದಳದ್ದೋ ಎಂದು ನಿವೃತ್ತರೇ ವರ್ಷಗಟ್ಟಲೆ ವಾದ ಮಾಡಿದ್ದಾರೆ.

ಆದರೆ ವಾದ ಆಗುವುದೇ ಒಳ್ಳೆಯದು. ವೇದಿಕೆಯ ಮೇಲೆ ಒಬ್ಬರು ಬುರುಡೆ ಬಿಟ್ಟರೆ ಜನ ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ಪಂಕ್ತಿಯಲ್ಲಿ ಹಾಗಾಗುವುದಿಲ್ಲ. ಪಕ್ಕದ ಎಲೆಯವರು ‘ಅವತ್ತು ನಿಮ್ಮ ಸ್ಕ್ವಾಡ್ರನ್ ಅಲ್ಲಿ ಎಲ್ಲಿತ್ತು ಸ್ವಾಮಿ?’ ಎಂದು ಸಾರು ಕಲಸುತ್ತಲೇ ಹಿಡಿದುಹಾಕುತ್ತಾರೆ. ದಿನಾಂಕ, ಸ್ಕ್ವಾಡ್ರನ್ನು, ನೆಲೆ, ಈ ಮೂರನ್ನು ಪ್ರತಿಯೊಬ್ಬರಿಂದಲೂ ಕೇಳಿ ಬರೆದಿಟ್ಟುಕೊಂಡರೆ ಆಮೇಲೆ ತಾಳೆ ನೋಡಬಹುದು. ಅಂಗಡಿಯವರಿಗೆ ಖಾತೆ ತಾಳೆ ನೋಡುವುದನ್ನು ಕಲಿಸಬೇಕೆ?

ಯುದ್ಧದ ಹುಚ್ಚು ಹಚ್ಚುತ್ತೀರಿ ಎನ್ನುವವರೂ ಇದ್ದಾರೆ. ಕಾದಾಡಿ ಬಂದವರಿಗಿಂತ ಟೀವಿ ನೋಡಿ ಕಾದಾಡುವವರಿಗೇ ಆ ಹುಚ್ಚು ಜಾಸ್ತಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ 1965ರ ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ಹಂಟರ್ ಬಿದ್ದು ಸೆರೆಯಾದರು. ಅಯೂಬ್ ಖಾನ್ ಒಂದು ಕಾಲಕ್ಕೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಮಗನನ್ನು ಬಿಟ್ಟುಬಿಡುತ್ತೇನೆ ಅಂದರು. ಅಲ್ಲಿ ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಅವರಂತೆಯೇ ಇವನನ್ನೂ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಹೋಯಿತು. ಇಂಥ ಕಥೆ ಕೇಳಿದವರು ಕೋಲು ಹಿಡಿದು ಬೀದಿಗೆ ಇಳಿಯುವುದಿಲ್ಲ.

ಇನ್ನೊಂದು ವಿಷಯ. ಅಧಿಕಾರಿಗಳ ಮಾತು ಅಷ್ಟೋ ಇಷ್ಟೋ ಪುಸ್ತಕಕ್ಕೆ ಬಂದಿದೆ. ನೆಲದ ಮೇಲೆ ಕೆಲಸ ಮಾಡಿದವರದು ಬಂದೇ ಇಲ್ಲ. ವಿಮಾನ ಇಳಿದೊಡನೆ ಇಂಧನ ತುಂಬಿ, ತೋಪಿಗೆ ಗುಂಡಿನ ಸರ ಹೂಡಿ, ರೆಕ್ಕೆಯ ತೂತಿಗೆ ತೇಪೆ ಹಾಕಿ ಮತ್ತೆ ಕಳಿಸಿದವರು ಏರ್‌ಮನ್ನುಗಳು. ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿ, ಜಾಲಹಳ್ಳಿಯಲ್ಲಿ ಕಲಿತು, ಹತ್ತಿಪ್ಪತ್ತು ವರ್ಷ ಗಡಿಯ ನೆಲೆಗಳಲ್ಲಿ ಕಳೆದು, ವಾಪಸ್ಸು ಬಂದು ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಎರಡನೇ ನೌಕರಿ ಮಾಡಿದ ಕನ್ನಡದ ಹುಡುಗರು ಎಷ್ಟೋ. ಚಾಮರಾಜಪೇಟೆ ಬಸ್ಸಿನಲ್ಲಿ ಸೀನಿಯರ್ ಸಿಟಿಜನ್ ಸೀಟಿನಲ್ಲಿ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕೂತವರು ಅವರೇ ಇರಬಹುದು. ಮೊಮ್ಮಗಳ ಮದುವೆಗೆ ಬಳೆ ಚೌಕಾಸಿ ಮಾಡುತ್ತಿರುವವರೂ ಆಗಿರಬಹುದು. ಅವರಿಗೆ ಮೆಸ್ಸಿನ ಆಹ್ವಾನವೂ ಇಲ್ಲ, ಪೆಂಡಾಲಿನ ಶಾಲೂ ಇಲ್ಲ.

ಕಾಲ ಬೇರೆ ಕಾಯುವುದಿಲ್ಲ. 1965ರಲ್ಲಿ 22ರ ಹುಡುಗನಾಗಿದ್ದವನಿಗೆ ಈಗ 80 ದಾಟಿದೆ. 1971ರ ಹುಡುಗನಿಗೂ 75 ಆಗಿಹೋಯಿತು. ಮುಂದಿನ ವರ್ಷ ನೋಡೋಣ ಎನ್ನುವ ಕಮಿಟಿಗಳು ಮುಂದಿನ ವರ್ಷ ಮನೆ ಬಾಗಿಲಿಗೆ ಹೂವಿನ ಹಾರ ಹಿಡಿದು ಹೋಗಬೇಕಾಗುತ್ತದೆ.

ಖರ್ಚು ದೊಡ್ಡದೇನಲ್ಲ. ಪೇಟೆಯ ವ್ಯಾಪಾರಿಗಳಿಗೆ ಊಟ ಹಾಕುವುದು ರಕ್ತದಲ್ಲೇ ಇದೆ. ಗುಬ್ಬಿ ತೋಟದಪ್ಪನವರು 1903ರಲ್ಲಿ ರೈಲ್ವೆ ಸ್ಟೇಷನ್ ಬಳಿ ಛತ್ರ ಕಟ್ಟಿಸಿದ್ದು ವ್ಯಾಪಾರದ ದುಡ್ಡಿನಲ್ಲೇ. ಎರಡು ತಿಂಗಳಿಗೊಮ್ಮೆ ನಲವತ್ತು ಎಲೆ ಹಾಕಿದರೆ ಸಾಕು. ಹತ್ತು ಎಲೆ ನಿವೃತ್ತರಿಗೆ ಮತ್ತು ಅವರ ಮನೆಯವರಿಗೆ, ಉಳಿದದ್ದು ಅಂಗಡಿಯವರಿಗೆ ಮತ್ತು ಅವರ ಮಕ್ಕಳಿಗೆ. ಮುಖ್ಯ ಅತಿಥಿ ಬೇಡ, ಬ್ಯಾನರು ಬೇಡ, ಮೈಕಂತೂ ಬೇಡವೇ ಬೇಡ. ಮೊಬೈಲಿನಲ್ಲಿ ಮಾತು ಹಿಡಿದಿಡಲು ಕಾಲೇಜಿನ ಇಬ್ಬರು ಹುಡುಗರು, ನೋಟ್‌ಬುಕ್ ಹಿಡಿದ ಒಬ್ಬಳು ಹುಡುಗಿ ಇದ್ದರೆ ಆಯಿತು. ಊಟ ಹನ್ನೆರಡೂವರೆಗೇ ಬಡಿಸಬೇಕು. ಸಕ್ಕರೆ ಕಾಯಿಲೆಯವರು ಹೆಚ್ಚು. ಪಾಯಸ ಎರಡು ಬಗೆ ಮಾಡಿಸಿದರೆ ಒಳ್ಳೆಯದು. ಮಂಡಿ ನೋವಿನವರೂ ಇರುತ್ತಾರೆ, ಆದ್ದರಿಂದ ಮಹಡಿಯ ಮೇಲಿನ ಹಾಲ್ ಹಿಡಿಯಬೇಡಿ, ನೆಲಮಟ್ಟದ್ದೇ ನೋಡಿ, ಎಲೆಯನ್ನು ಮೇಜಿನ ಮೇಲೇ ಹಾಕಿ.