ಮೀನಿನ ಊಟವೂ ಗಾಳದ ಎರೆಯೂ

ಗಾಳ ಹಾಕುವ ತರುಣರು ಅಂಗಡಿಯಲ್ಲಿ ಮಿನುಗುವ ಕೃತಕ ಎರೆಗಳನ್ನು ಕಂಡು, ಇವುಗಳಲ್ಲಿ ಯಾವುದು ಶ್ರೇಷ್ಠವೆಂದು ಕೇಳುವುದುಂಟು. ಪ್ರಶ್ನೆಯ ಕ್ರಮವೇ ತಲೆಕೆಳಗಾಗಿರುವುದು. ಈ ನೀರಿನ ಮೀನು ಏನನ್ನು ತಿನ್ನುವುದೆಂಬುದನ್ನು ಮೊದಲು ಅರಿಯತಕ್ಕದ್ದು. ಎರೆಯ ವಿಚಾರವು ಆಮೇಲಿನದು. ಮೀನನ್ನು ಮುಟ್ಟದ ಮನೆತನದ ಉಪಾಧ್ಯಾಯನಿಗೆ ಈ ಉಸಾಬರಿ ಏಕೆಂದು ವಾಚಕರು ನಗಬಹುದು. ನನ್ನನ್ನು ನದೀತೀರಕ್ಕೆ ಕರೆದೊಯ್ದುದು ಒಂದು ಸಂಸ್ಕೃತ ಗ್ರಂಥವು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. 1130ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದಿರುವುದು. ಕಡಲಿನವು, ಹೊಳೆಯವು, ಹುರುಪೆಯುಳ್ಳವು, ಇಲ್ಲದವು ಎಂದು ವಿಂಗಡಿಸಿ, ಸುಮಾರು 35 ಜಾತಿಯ ಮೀನುಗಳನ್ನು ಹೆಸರಿಸಿ, ಅವುಗಳಿಗೆ ಯಾವ ಯಾವ ಆಹಾರವನ್ನು ಕೊಡಬೇಕೆಂಬುದನ್ನು ಅರಸನು ಹೇಳಿರುವನು. ರಾಜಕಾರ್ಯದ ನಡುವೆ ಇಷ್ಟು ಸೂಕ್ಷ್ಮವಾಗಿ ನೋಡಲು ಅವನಿಗೆ ಬಿಡುವು ದೊರೆತುದೇ ಆಶ್ಚರ್ಯ!

ಕಾವೇರಿಯ ಮಹಶೀರ್ ಮೀನನ್ನೇ ನೋಡಿರಿ. ಅದರ ದವಡೆಯಲ್ಲಿ ಹಲ್ಲುಗಳಿಲ್ಲ, ಗಂಟಲಿನೊಳಗಿರುವುವು. ಏಡಿಯನ್ನೂ ಬಸವನ ಹುಳುವನ್ನೂ ನುಂಗಿ ಅಲ್ಲಿ ಅರೆಯುವುದು. ಸಣ್ಣ ಮೀನನ್ನು ಹಿಡಿಯುವುದು. ದಡದ ಮರದಿಂದ ಉದುರಿದ ಹಣ್ಣನ್ನೂ ಬಿಡದು. ಆದುದರಿಂದ ಅದಕ್ಕೆ ಒಂದೇ ಬಗೆಯ ಎರೆಯೆಂಬುದಿಲ್ಲ. ನೀರು ತಿಳಿಯಾಗಿದ್ದಾಗ, ಚಮಚದ ಬಟ್ಟಲಿನಂತಹ ಲೋಹದ ತಗಡು ಸೆಳವಿನಲ್ಲಿ ಹೊರಳಿ ಹೊಳೆದು, ಗಾಯಗೊಂಡ ಸಣ್ಣ ಮೀನಿನ ಭ್ರಾಂತಿಯನ್ನು ಹುಟ್ಟಿಸುವುದು. ನೀರು ಕದಡಿದರೆ ಆ ಹೊಳಪು ಕಾಣದು. ಆಗ ವಾಸನೆಯುಳ್ಳ ಎರೆಯೇ ಮೇಲು. ನಮ್ಮ ಜನರು ಬೇಯಿಸಿ ಗಟ್ಟಿಯಾಗಿ ನಾದಿದ ರಾಗಿಯ ಉಂಡೆಯನ್ನು ಗಾಳಕ್ಕೆ ಮೆತ್ತುತ್ತಿದ್ದರು. ಸಡಿಲವಾಗಿ ನಾದಿದ ಉಂಡೆಯನ್ನು ಸೆಳವು ಕ್ಷಣದಲ್ಲಿ ಕರಗಿಸಿಬಿಡುವುದು.

1946ರಲ್ಲಿ ಮೈಸೂರು ಸೀಮೆಯ ಕಪಿಲೆಯಲ್ಲಿ 120 ಪೌಂಡು ತೂಕದ ಮಹಶೀರ್ ಗಾಳಕ್ಕೆ ಸಿಕ್ಕಿತು. ತಲೆಯ ಹಿಂದೆ ಡುಬ್ಬವೆದ್ದ, ಕಿತ್ತಳೆ ಬಣ್ಣದ ಈಜುರೆಕ್ಕೆಗಳ ಆ ದೊಡ್ಡ ಜಾತಿಯು ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಬೇರೆಲ್ಲಿಯೂ ಇಲ್ಲ. 2018ರಲ್ಲಿ ಅದು ಅಳಿವಿನ ಅಂಚಿನಲ್ಲಿರುವುದೆಂದು ಜಾಗತಿಕ ಪಟ್ಟಿಯಲ್ಲಿ ಸೇರಿತು. ಅದರ ಕ್ಷಯವನ್ನು ತೋರಿಸಿಕೊಟ್ಟವರಲ್ಲಿ ಗಾಳದವರೂ ಉಂಟೆಂಬುದು ವಿಚಿತ್ರವಾದರೂ ನಿಜ. ಗಾಲಿಬೋರೆಯಲ್ಲಿ 1998ರಿಂದ 2012ರ ವರೆಗೆ ಹಿಡಿದು, ತೂಗಿ, ಬಿಟ್ಟ ಮೀನುಗಳ ಲೆಕ್ಕದ ಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿದರು. ಡುಬ್ಬದ ಮೀನು ವರ್ಷವರ್ಷಕ್ಕೆ ವಿರಳವಾಗುತ್ತ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ ಬಂದುದು ಅವುಗಳಿಂದ ಹೊರಬಿದ್ದಿತು.

ಎಲ್ಲಿಯಾದರೂ, ಅನುಮತಿಯಿರುವ ನೀರಿನಲ್ಲಿ, ಕಿತ್ತಳೆ ರೆಕ್ಕೆಯ ಮೀನು ಯಾರ ಗಾಳಕ್ಕಾದರೂ ಸಿಕ್ಕಿದರೆ, ಅದನ್ನು ದಡಕ್ಕೆಳೆಯದೆ, ಕೈಗಳನ್ನು ಒದ್ದೆಮಾಡಿಕೊಂಡು, ನೀರಿನಲ್ಲಿಯೇ ಗಾಳವನ್ನು ಬಿಡಿಸತಕ್ಕದ್ದು. ಹಿಂಮುಳ್ಳಿಲ್ಲದ ಗಾಳವಾದರೆ ಈ ಕೆಲಸವು ಸುಲಭ.