ಲಿಂಬೆ, ಪುದಿನ ಮತ್ತು ತಂಪಿನ ಲೆಕ್ಕ

ಭೀಮಾ ಮತ್ತು ಅಮರ್ಜಾ ನದಿಗಳ ನಾಡಾದ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಉಷ್ಣತೆಯು 42 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಅಪರೂಪವಲ್ಲ. ಅಂತಹ ದಿನಗಳಲ್ಲಿ ‘ತಂಪು’ ಎಂಬ ಶಬ್ದಕ್ಕಿರುವ ಬೆಲೆ ಬೇರಾವ ಶಬ್ದಕ್ಕೂ ಇರುವುದಿಲ್ಲ. ಆದುದರಿಂದಲೇ ಆ ಶಬ್ದವನ್ನು ಮುಂದಿಟ್ಟು ಏನನ್ನಾದರೂ ಮಾರುವವರೂ ಬಹಳ. ಜಿನ್ ಎಂಬ ಮದ್ಯಕ್ಕೆ ಲಿಂಬೆಯ ರಸ, ಸಕ್ಕರೆ, ಪುದಿನ ಸೊಪ್ಪುಗಳನ್ನು ಕೂಡಿಸಿ ಮಂಜುಗಡ್ಡೆಯೊಡನೆ ಕುಲುಕಿ ಮಾಡುವ ‘ಸೌತ್‌ಸೈಡ್’ ಎಂಬ ಪರದೇಶದ ಪಾನೀಯವನ್ನು ಮನೆಯಲ್ಲಿಯೇ ಸಿದ್ಧಪಡಿಸುವ ವಿಧಾನವು ಈಗ ತರುಣರ ಕೈಯ ಫೋನಿನಲ್ಲಿಯೂ ಸುಲಭವಾಗಿ ದೊರೆಯುತ್ತದೆ. ಬೇಸಿಗೆಗೆ ಬಲು ತಂಪು ಎಂಬ ಶಿಫಾರಸೂ ಜೊತೆಗಿರುತ್ತದೆ.

ನೀತಿಬೋಧೆ ಮಾಡುವವರು ಬೇರೆ ಇದ್ದಾರೆ. ಭೌತವಿಜ್ಞಾನವನ್ನು ಕಲಿಸುವ ನಾವು ಕೇಳಬೇಕಾದುದು ಒಂದೇ ಪ್ರಶ್ನೆ: ಈ ತಂಪು ಎಲ್ಲಿಂದ ಬಂದಿತು? ನಮ್ಮ ಅಭಿಪ್ರಾಯದಲ್ಲಿ ಆ ಲೋಟದೊಳಗೆ ಜಿನ್ನಿಗೆ ಕೆಲಸವೇ ಇಲ್ಲ. ಅದನ್ನು ತೆಗೆದುಹಾಕಿದರೆ ಸುವಾಸನೆಯನ್ನು ಉಳಿಸಿಕೊಳ್ಳಬಹುದು, ತಂಪಂತೂ ಹೆಚ್ಚುತ್ತದೆ.

ಮೊದಲು ನಾಲಗೆಯನ್ನು ವಿಚಾರಿಸೋಣ. ನಮ್ಮ ಚರ್ಮದಲ್ಲಿಯೂ ಬಾಯಿಯಲ್ಲಿಯೂ ಶೀತವನ್ನು ಮಿದುಳಿಗೆ ತಿಳಿಸುವ ನರತಂತುಗಳಿವೆ. ಮೆಂಥಾಲ್ ಎಂಬ ಪದಾರ್ಥವು ಆ ತಂತುಗಳ ಮೇಲಿರುವ ಗ್ರಾಹಕವನ್ನು ತೆರೆದು, ಉಷ್ಣತೆಯು ಎಳ್ಳಷ್ಟೂ ಇಳಿಯದಿದ್ದರೂ ‘ಶೀತ’ ಎಂಬ ಸುದ್ದಿಯನ್ನು ಕಳುಹಿಸಿಬಿಡುತ್ತದೆ. ಈ ಗ್ರಾಹಕವನ್ನು 2002ರಲ್ಲಿ ಗುರುತಿಸಲಾಯಿತು. ಉಷ್ಣ ಮತ್ತು ಸ್ಪರ್ಶಗಳ ಗ್ರಾಹಕಗಳನ್ನು ಕಂಡುಹಿಡಿದುದಕ್ಕಾಗಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಎಂಬ ವಿಜ್ಞಾನಿಗಳಿಗೆ 2021ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ನಮ್ಮ ಸಂತೆಯಲ್ಲಿ ಸಾಮಾನ್ಯವಾಗಿ ದೊರೆಯುವ ಪುದಿನದಲ್ಲಿ ಮೆಂಥಾಲ್ ಅತ್ಯಲ್ಪ, ಕಾರ್ವೋನ್ ಎಂಬ ಸುಗಂಧ ತೈಲವೇ ಅಧಿಕ. ಹಾಗಾಗಿ ಪುದಿನ ಕೊಡುವುದು ಮುಖ್ಯವಾಗಿ ಪರಿಮಳ. ಪರಿಮಳಕ್ಕಾಗಿ ಅದನ್ನು ಅವಶ್ಯವಾಗಿ ಬಳಸಿರಿ, ಆದರೆ ದೇಹದ ಉಷ್ಣವನ್ನು ಅದು ಹೀರಿತೆಂದು ತಿಳಿಯಬೇಡಿರಿ.

ಮದ್ಯಸಾರದ ಮೋಸ ಇದಕ್ಕಿಂತಲೂ ದೊಡ್ಡದು, ಅಪಾಯಕರವಾದುದು. ಅದು ಮೂತ್ರವನ್ನು ಹಿಡಿದಿಡುವ ಹಾರ್ಮೋನನ್ನು ತಗ್ಗಿಸುವುದರಿಂದ ಶರೀರವು ನೀರನ್ನು ಹೆಚ್ಚಾಗಿ ಹೊರಚೆಲ್ಲುತ್ತದೆ. ಗಾಳಿಯು ಮೈಗಿಂತ ಬಿಸಿಯಾಗಿರುವಾಗ ಮನುಷ್ಯನಿಗೆ ಬೆವರೊಂದೇ ಆಸರೆ, ಬೆವರಿಗೆ ನೀರೇ ಬಂಡವಾಳ. ಆ ಬಂಡವಾಳವನ್ನೇ ಕರಗಿಸುವ ವಸ್ತುವನ್ನು ತಂಪೆಂದು ಕರೆಯುವುದು ಹೇಗೆ? ಮೇಲಾಗಿ, ತನಗೆ ಬಿಸಿಲು ಬಡಿಯುತ್ತಿದೆ ಎಂಬ ಎಚ್ಚರವೂ ಮದ್ಯದಿಂದ ಮಂಕಾಗುತ್ತದೆ. ಬೇಸಿಗೆಯಲ್ಲಿ ಬೀರು ತಂಪು ಎಂಬ ಮಾತಿಗೂ ಇದೇ ಉತ್ತರ.

ಹಾಗಾದರೆ ಜಿನ್ನಿನಿಂದ ದೊರೆಯುವ ಲಾಭವೇನೂ ಇಲ್ಲವೇ? ಒಂದುಂಟು. ಲಿಂಬೆಯ ಸಿಪ್ಪೆಯ ತೈಲವಾಗಲಿ ಪುದಿನದ ತೈಲವಾಗಲಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತದೆ. ಆದರೆ ಆ ತೈಲವನ್ನು ಹೊರತೆಗೆಯುವ ಕೆಲಸವನ್ನು ಸಕ್ಕರೆಯ ಹರಳಿನಿಂದಲೂ ಮಾಡಿಸಬಹುದು. ಲಿಂಬೆಯನ್ನು ಕೊಯ್ಯುವ ಮೊದಲು ದಪ್ಪ ಹರಳಿನ ಸಕ್ಕರೆಯಲ್ಲಿ ಅದರ ಸಿಪ್ಪೆಯನ್ನು ಹಗುರವಾಗಿ ಉಜ್ಜಿದರೆ ಹರಳಿನ ಅಂಚುಗಳು ತೈಲದ ಚೀಲಗಳನ್ನು ಒಡೆಯುತ್ತವೆ, ಸಕ್ಕರೆಯು ಆ ತೈಲವನ್ನು ಹೀರಿ ಘಮಘಮಿಸುತ್ತದೆ. ಬಿಳಿಯ ಒಳಸಿಪ್ಪೆಯವರೆಗೆ ಹೋಗಬಾರದು, ಅದು ಕಹಿ. ಇನ್ನು ಜಿನ್ನಿನ ಸ್ವಂತ ವಾಸನೆ. ಅದು ಜೂನಿಪರ್ ಎಂಬ ಶೀತದೇಶದ ಗಿಡದ ಕಾಯಿಯಿಂದ ಬಂದುದು. ಆ ಕಾಯಿಯ ನಂತರ ಜಿನ್ ತಯಾರಕರು ಹೆಚ್ಚಾಗಿ ಬಳಸುವ ಸಾಂಬಾರ ಯಾವುದೆಂದರೆ, ವಾಚಕರು ನಗಬಹುದು, ನಮ್ಮ ಕೊತ್ತಂಬರಿ ಬೀಜ! ಅರ್ಧ ಚಮಚ ಬೀಜವನ್ನು ಜಜ್ಜಿ, ಒಂದು ಬಟ್ಟಲು ಬಿಸಿನೀರಿಗೆ ಹಾಕಿ, ಮುಚ್ಚಿಟ್ಟು ಆರಿಸಿದರೆ ಆ ವಾಸನೆಯ ಒಂದು ಪಾಲು ಆಳಂದದ ಅಡಿಗೆಮನೆಯಲ್ಲಿಯೇ ಸಿದ್ಧವಾಯಿತು. ಮುಚ್ಚದಿದ್ದರೆ ಸುವಾಸನೆಯು ಆವಿಯೊಡನೆ ಹಾರಿಹೋಗುತ್ತದೆ.

ಮುಂದಿನದು ಸುಲಭ. ಆ ನೀರನ್ನು ಸೋಸಿ, ಉಜ್ಜಿದ ಸಕ್ಕರೆಯನ್ನು ಅದರಲ್ಲಿ ಕದಡಬೇಕು. ತಣ್ಣೀರಿನಲ್ಲಿ ಸಕ್ಕರೆ ಕರಗುವುದಿಲ್ಲವೆಂಬ ಮಾತು ಸರಿಯಲ್ಲ. 20 ಡಿಗ್ರಿಯ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲುದು. ಕರಗುವ ವೇಗವೂ ಕರಗಿಸುವ ಶಕ್ತಿಯೂ ತಣ್ಣೀರಿನಲ್ಲಿ ಕಡಿಮೆಯೇ, ಆದರೆ ಶರಬತ್ತಿಗೆ ಆ ಶಕ್ತಿ ಧಾರಾಳವಾಗಿ ಸಾಕು. ಪುದಿನದ ಎಲೆಯನ್ನು ಅರೆಯಬಾರದು. ಅದರ ತೈಲಗ್ರಂಥಿಗಳು ಎಲೆಯ ಮೇಲ್ಮೈಯಲ್ಲಿಯೇ ಇರುವುದರಿಂದ ಅಂಗೈಗಳ ನಡುವೆ ಒಮ್ಮೆ ತಟ್ಟಿದರೆ ಸಾಕು. ಅರೆದರೆ ಎಲೆಯೊಳಗಿನ ಒಗರು ಹೊರಬರುತ್ತದೆ. ಒಂದು ಲೀಟರು ನೀರಿಗೆ ಎರಡು ಮೂರು ಲಿಂಬೆ, ಆರು ಚಮಚ ಸಕ್ಕರೆ, ಬೆವರಿನಲ್ಲಿ ಹೋದುದನ್ನು ತುಂಬಲು ಚಿಟಿಕೆಯಷ್ಟು ಉಪ್ಪು. ಲಿಂಬೆಗಾಗಿ ದೂರ ಹೋಗಬೇಕಾಗಿಲ್ಲ. ಅಫಜಲಪುರದ ನೆರೆಯ ಇಂಡಿ ತಾಲ್ಲೂಕು ಲಿಂಬೆಗೇ ಹೆಸರಾದುದು. ರಸವನ್ನು ಕಡೆಯಲ್ಲಿ ಹಿಂಡಬೇಕು, ಕಾಯಿಸಕೂಡದು.

ಕಾಯಿಸಕೂಡದು ಎಂಬುದರ ಹಿಂದೆ ಒಂದು ಚರಿತ್ರೆಯಿದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯನು ಸ್ಕರ್ವಿ ರೋಗದಿಂದ ನರಳುತ್ತಿದ್ದ ನಾವಿಕರಿಗೆ ಕಿತ್ತಳೆ ಮತ್ತು ದೊಡ್ಡ ಲಿಂಬೆಯ ಗುಣವನ್ನು ತೋರಿಸಿಕೊಟ್ಟನು. ಮುಂದೆ ಆಂಗ್ಲರ ನೌಕಾಪಡೆಯು ಬೇರೆ ಜಾತಿಯ ಸಣ್ಣ ಲಿಂಬೆಗೆ ತಿರುಗಿತು. ಅದರಲ್ಲಿ ಸಿ ಜೀವಸತ್ವವು ಕಡಿಮೆ, ಅದರ ರಸವು ತಾಮ್ರದ ಕೊಳವೆಗಳಲ್ಲಿ ಹಾಯ್ದು ಇನ್ನಷ್ಟು ನಿಸ್ಸತ್ವವಾಯಿತು. 1875ರಲ್ಲಿ ಹೊರಟ ನೇರ್ಸ್‌ನ ಉತ್ತರ ಧ್ರುವದ ಯಾತ್ರೆಯಲ್ಲಿ ಸ್ಕರ್ವಿ ಮರಳಿ ಕಾಣಿಸಿಕೊಂಡಿತು. ಶಾಖ, ಗಾಳಿ, ತಾಮ್ರ ಈ ಮೂರೂ ಸಿ ಜೀವಸತ್ವಕ್ಕೆ ವೈರಿಗಳು. ಆದುದರಿಂದ ತಾಮ್ರದ ತಂಬಿಗೆಯ ಮೇಲೆ ಎಷ್ಟೇ ಗೌರವವಿದ್ದರೂ ಅದರಲ್ಲಿ ಲಿಂಬೆಯ ಶರಬತ್ತು ಬೇಡ; ಹುಳಿಯು ಲೋಹವನ್ನು ಕರಗಿಸುವುದೂ ಉಂಟು. ಜಿನ್ನಿನೊಡನೆ ಸೇರಿ ಪ್ರಸಿದ್ಧವಾದ ಲಿಂಬೆಯ ಶರಬತ್ತೊಂದರ ಜನ್ಮವೂ ಸ್ವಾರಸ್ಯಕರವಾಗಿದೆ. 1867ರಲ್ಲಿ ಲಾಕ್ಲನ್ ರೋಸ್ ಎಂಬವನು ಲಿಂಬೆಯ ರಸವನ್ನು ಮದ್ಯವಿಲ್ಲದೆ ಕೆಡದಂತೆ ಇಡುವ ವಿಧಾನಕ್ಕೆ ಹಕ್ಕು ಪಡೆದನು. ಮದ್ಯವನ್ನು ದೂರವಿಡಲು ಹುಟ್ಟಿದ ರಸವೇ ಮದ್ಯದ ಸಂಗಾತಿಯಾಯಿತು.

ಇನ್ನು ನಿಜವಾದ ತಂಪು. ಮಂಜುಗಡ್ಡೆಯ ಒಂದು ಗ್ರಾಂ ಕರಗಲು 80 ಕ್ಯಾಲೊರಿ ಉಷ್ಣ ಬೇಕು. 30 ಡಿಗ್ರಿಯ 200 ಗ್ರಾಂ ಶರಬತ್ತಿಗೆ 50 ಗ್ರಾಂ ಮಂಜುಗಡ್ಡೆ ಹಾಕಿದರೆ ಲೆಕ್ಕದ ಪ್ರಕಾರ ಉಷ್ಣತೆಯು ಸುಮಾರು 8 ಡಿಗ್ರಿಗೆ ಇಳಿಯುತ್ತದೆ. ಅಷ್ಟು ಶೀತದಲ್ಲಿ ನಾಲಗೆಗೆ ಸಿಹಿಯೂ ಮಂದವಾಗುತ್ತದೆ, ಇನ್ನಷ್ಟು ಸಕ್ಕರೆ ಬೇಕೆನಿಸುತ್ತದೆ. ಅಂಗಡಿಯ ಬಣ್ಣದ ಶೀಷೆಗಳಲ್ಲಿ 100 ಮಿಲಿಲೀಟರಿಗೆ 10 ಗ್ರಾಂನಷ್ಟು ಸಕ್ಕರೆಯಿದ್ದರೂ ನಮಗೆ ಅತಿಯೆನಿಸದಿರಲು ಇದೂ ಒಂದು ಕಾರಣ.

ನಮ್ಮ ಒಲವು ಮಣ್ಣಿನ ಗಡಿಗೆಯ ಕಡೆಗೆ. ನೀರಿನ ಒಂದು ಗ್ರಾಂ ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು, ಅಂದರೆ ಮಂಜುಗಡ್ಡೆಯ ಏಳು ಪಟ್ಟು. ಒಂದು ಲೀಟರು ನೀರನ್ನು 10 ಡಿಗ್ರಿ ತಂಪುಮಾಡಲು, ಹೊರಗಿನಿಂದ ಬರುವ ಉಷ್ಣವನ್ನು ಬಿಟ್ಟರೆ, 17 ಗ್ರಾಂ ನೀರು ಗಡಿಗೆಯ ಮೈಯಿಂದ ಆರಿದರೆ ಸಾಕು. ಇದು ಎಲ್ಲಿಯವರೆಗೆ ಸಾಗುತ್ತದೆಂಬುದು ಗಾಳಿಯ ಆರ್ದ್ರತೆಯನ್ನು ಅವಲಂಬಿಸಿದೆ. 42 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆಯು ಶೇಕಡ 15 ಇದ್ದರೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು 22 ಡಿಗ್ರಿಯ ಹತ್ತಿರ ನಿಲ್ಲುತ್ತದೆ. ಮಂಗಳೂರಿನಂತಹ ಕರಾವಳಿಯಲ್ಲಿ 33 ಡಿಗ್ರಿಯ ಗಾಳಿಗೆ ಶೇಕಡ 70ರ ಆರ್ದ್ರತೆಯಿದ್ದರೆ ಅದು 28ರಲ್ಲಿಯೇ ನಿಂತುಬಿಡುತ್ತದೆ. ಜೇವರ್ಗಿಯ ಒಣ ಬಿಸಿಲನ್ನು ಶಪಿಸುವವರು ಅದು ಗಡಿಗೆಗೆ ಮಾಡುವ ಉಪಕಾರವನ್ನು ಮರೆಯಬಾರದು. ಗಡಿಗೆಯು ಪೂರ್ತಿ 22ಕ್ಕೆ ಇಳಿಯದು, ಕೆಲವು ಡಿಗ್ರಿ ಮೇಲೆಯೇ ನಿಲ್ಲುವುದು. ಕುಡಿಯಲು ಅಷ್ಟು ತಂಪು ಹಿತಕರ. ಅದನ್ನು ನೆರಳಿನಲ್ಲಿ, ಗಾಳಿ ಆಡುವ ಕಡೆ ಇಡಬೇಕು. ಬಾವಿಯ ಗಡಸು ನೀರಿನ ಸುಣ್ಣವು ರಂಧ್ರಗಳನ್ನು ಮುಚ್ಚುವುದರಿಂದ ಹಳೆಯ ಗಡಿಗೆ ಕ್ರಮೇಣ ಬೆವರುವುದನ್ನೇ ನಿಲ್ಲಿಸುತ್ತದೆ.

ಗುಪ್ತೋಷ್ಣದ ವ್ಯಾಖ್ಯೆಯನ್ನು ಬಾಯಿಪಾಠ ಒಪ್ಪಿಸುವ ವಿದ್ಯಾರ್ಥಿಗಳಲ್ಲಿ ಮನೆಯ ಗಡಿಗೆಯೊಳಗೆ ಉಷ್ಣಮಾಪಕವನ್ನು ಇಳಿಸಿ ನೋಡಿದವರು ಎಷ್ಟು ಮಂದಿ? ಅನೇಕ ಕಡೆ ಉಷ್ಣಮಾಪಕಗಳು ಒಡೆದಾವೆಂಬ ಭಯದಿಂದ ಕಪಾಟಿನಲ್ಲಿಯೇ ಭದ್ರವಾಗಿವೆ. ಬೇಸಿಗೆಯ ರಜೆಗೆ ಒಬ್ಬೊಬ್ಬರಿಗೂ ಒಂದೊಂದನ್ನು ಕೊಟ್ಟು ಕಳುಹಿಸಬೇಕೆಂಬುದು ನಮ್ಮ ಪಕ್ಷ. ನಾಲ್ಕಾರು ಒಡೆದರೆ ಒಡೆಯಲಿ. ಒಂದೇ ಗಡಿಗೆಯ ನೀರನ್ನು ಎರಡು ಲೋಟಗಳಿಗೆ ಹಾಕಿ, ಒಂದಕ್ಕೆ ಮಾತ್ರ ಪುದಿನ ಸೇರಿಸಿ, ಗೆಳೆಯನ ಕಣ್ಣು ಕಟ್ಟಿ ಯಾವುದು ಹೆಚ್ಚು ತಂಪೆಂದು ಕೇಳಿರಿ. ಅವನು ಹೇಳಿದುದನ್ನು ಬರೆದುಕೊಂಡ ಮೇಲೆ ಉಷ್ಣಮಾಪಕವನ್ನು ಎರಡರಲ್ಲಿಯೂ ಅದ್ದಿರಿ.