ಮಳೆ ಬಾರದ ದಿನವನ್ನೂ ಬರೆಯಿರಿ

ಅಕ್ಕ ತಂಗಿಯರೇ, ಡೇರಿಗೆ ಹಾಕಿದ ಹಾಲಿನ ಲೆಕ್ಕದಲ್ಲಿ ನೂರು ಮಿಲಿ ವ್ಯತ್ಯಾಸ ಬಂದರೂ ಕೇಳದೆ ಬಿಡುವವರಲ್ಲ ನಾವು. ಮಳೆಯ ವಿಷಯದಲ್ಲಿ ಮಾತ್ರ 'ಚೆನ್ನಾಗಿ ಹುಯ್ತು', 'ಸುಮಾರಾಗಿ ಹನೀತು' ಅಂದು ಮುಗಿಸುತ್ತೇವೆ. ಅದು ಸಾಲದು.

ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ, ನಿಜ. ಆದರೆ ಅರಕಲಗೂಡಿನಲ್ಲಿ ಹುಯ್ದ ದಿನ ಚನ್ನರಾಯಪಟ್ಟಣದಲ್ಲಿ ಬಿಸಿಲಿರಬಹುದು. ಅಷ್ಟು ದೂರವೇಕೆ, ಊರಿನ ಮೂಡಲ ಹೊಲಕ್ಕೆ ಬಂದದ್ದು ಪಡುವಲ ಹೊಲಕ್ಕೆ ಬಾರದು. ಮೇವಿನ ಜೋಳ ಯಾವಾಗ ಬಿತ್ತಬೇಕೆಂದು ನಿಮ್ಮ ಹೊಲದ ಮಳೆಯೇ ಹೇಳಬೇಕು. ಹವಾಮಾನ ಆಧಾರಿತ ವಿಮೆಗೆ ನಮ್ಮ ಪುಸ್ತಕ ನಡೆಯುವುದಿಲ್ಲ, ಅಧಿಕೃತ ಮಾಪಕದ ಅಂಕಿಯೇ ಲೆಕ್ಕ. ಆದರೂ ಗ್ರಾಮಸಭೆಯಲ್ಲಿ ಬರದ ಮಾತೆತ್ತುವಾಗ ದಿನವಾರು ಬರೆದದ್ದು ಕೈಯಲ್ಲಿದ್ದರೆ ಮಾತಿಗೆ ತೂಕ.

ಮಾಪಕ ಬಯಲಲ್ಲಿರಲಿ. ತೆಂಗಿನ ಮರವಾಗಲಿ ಕೊಟ್ಟಿಗೆಯಾಗಲಿ, ಅದರ ಎತ್ತರದ ಎರಡರಷ್ಟಾದರೂ ದೂರವಿಡಿ. ಹವಾಮಾನ ಇಲಾಖೆ ಅಳೆಯುವುದು ಬೆಳಿಗ್ಗೆ 8.30ಕ್ಕೆ, ಡೇರಿಯಿಂದ ಬಂದು ಕ್ಯಾನು ತೊಳೆಯುವ ಹೊತ್ತು, ನಮಗೆ ಅನುಕೂಲವೇ. ನೀರಿನ ಮಟ್ಟಕ್ಕೆ ಕಣ್ಣು ಸಮ ತಂದು ನೋಡಿ, ಅಲ್ಲೇ ಬರೆದು, ಆಮೇಲೆ ಚೆಲ್ಲಿ. ಮಾಪಕದ ಗ್ಲಾಸು ಒಡೆದರೆ ಅಡುಗೆಮನೆಯ ಅಳತೆ ಲೋಟ ಹಿಡಿಯಬೇಡಿ, ಲೆಕ್ಕ ಕೂಡುವುದಿಲ್ಲ.

ಬರದ ವರ್ಷದಲ್ಲಿ ಕೆಲಸಕ್ಕೆ ಬರುವುದು ಸೊನ್ನೆಗಳು. ಮಳೆ ಇಲ್ಲದ ದಿನ ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನೀವು ನೋಡಲಿಲ್ಲವೋ, ಯಾರಿಗೆ ಗೊತ್ತು? ಹಬ್ಬಕ್ಕೆ ತವರಿಗೆ ಹೋಗಿ ಒಂದು ದಿನ ತಪ್ಪಿದರೆ ಅಂದಾಜಿನಲ್ಲಿ ಹಂಚಬೇಡಿ, 'ಎರಡು ದಿನದ್ದು ಒಟ್ಟು' ಎಂದೇ ಬರೆಯಿರಿ. ಮಗಳಿಗೋ ಸೊಸೆಗೋ ಅಳೆಯುವುದನ್ನು ಹೇಳಿಕೊಟ್ಟಿದ್ದರೆ ಅದೂ ತಪ್ಪುತ್ತದೆ.